ಹಿಡಿದ ಗಾಲಿ

ಮೂವತ್ತೈದು ವರ್ಷಕಾಲ ಹುಡುಗರಿಗೆ ಸಂಸ್ಕೃತ ವ್ಯಾಕರಣವನ್ನು ಹೇಳಿಕೊಟ್ಟು ನಿವೃತ್ತರಾದ ಮೇಷ್ಟರೊಬ್ಬರು ಮೋಟಾರಿನ ಗಾಲಿ ಬಿಚ್ಚುವ ವಿಷಯವಾಗಿ ಲೇಖನ ಬರೆಯಹೊರಟರೆ ವಾಚಕರಿಗೆ ನಗೆ ಬಂದೀತು. ಬಂದರೆ ತಪ್ಪೇನೂ ಇಲ್ಲ. ನಮ್ಮ ಮನೆಯಲ್ಲಿಯೇ ಮೊದಲು ನಕ್ಕರು. ಆದರೆ ೨೦೨೫ನೆಯ ಇಸವಿಯ ವೈಶಾಖಮಾಸದಲ್ಲಿ ಹದಿನೆಂಟು ದಿನ ಒಂದು ಹಳೆಯ ಕಾರಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕುಳಿತು ನಾವು ಕಲಿತ ವಿದ್ಯೆ ಅಷ್ಟು ಅಲ್ಪವಾದುದಲ್ಲವೆಂದು ಈಗ ತೋರುತ್ತದೆ. ಅದರಲ್ಲಿ ಕಬ್ಬಿಣಕ್ಕೆ ಸಂಬಂಧಪಟ್ಟುದು ಕೆಲವು, ನಮಗೇ ಸಂಬಂಧಪಟ್ಟುದು ಕೆಲವು. ಎರಡನ್ನೂ ಇದ್ದುದು ಇದ್ದಂತೆ ಬರೆಯುತ್ತೇವೆ.

ಕಾರು ನಮ್ಮ ತಂದೆಯವರದು. ಅವರು ತೀರ್ಥಹಳ್ಳಿಯಲ್ಲಿ ವೈದ್ಯರಾಗಿದ್ದರು. ಚಿಕ್ಕಮಗಳೂರ ಕಡೆಯ ಕಾಫಿತೋಟದವರೊಬ್ಬರಿಂದ ೧೯೬೨ರಲ್ಲಿ ಅದನ್ನು ಕೊಂಡರು. ಕಾರು ತಯಾರಾದುದು ೧೯೫೧ರಲ್ಲಿ. ಮಾರಿಸ್ ಮೈನರ್ ಎಂಬ ಆ ಜಾತಿಯ ಕಾರು ಇಂಗ್ಲೆಂಡಿನಲ್ಲಿ ಮೊದಲು ಹೊರಬಂದುದು ೧೯೪೮ರಲ್ಲಿ. ಅದನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು. ೧೯೭೧ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಅಂತಹ ಕಾರುಗಳು ಸುಮಾರು ೧೬ ಲಕ್ಷ ಆಗಿದ್ದುವು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟರ್ಸಿನವರು ಅದನ್ನೇ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಿಂದ ಮಾರಿದುದೂ ಉಂಟು. ೧೯೧೯ರಿಂದ ೧೯೩೦ರ ವರೆಗೆ ತಯಾರಾದ ಕಾರಿಗೆ ಮಾತ್ರ ‘ವಿಂಟೇಜ್’ ಎಂಬ ಹೆಸರು ಸಲ್ಲುವುದೆಂದು ಇಂಗ್ಲೆಂಡಿನ ಶಿಷ್ಟರು ಹೇಳುತ್ತಾರೆ. ನಮ್ಮ ಕೇಂದ್ರ ಸರ್ಕಾರದವರು ೨೦೨೧ರಲ್ಲಿ ಮಾಡಿದ ನಿಯಮವು ಇದಕ್ಕಿಂತ ಉದಾರವಾದುದು. ಐವತ್ತು ವರ್ಷ ಮೀರಿ, ಮೂಲರೂಪ ಕೆಡದೆ ಉಳಿದಿದ್ದರೆ ಸಾಕು. ನಮ್ಮ ಮನೆಯಲ್ಲಿ ಇದಾವುದರ ಗೊಡವೆಯೂ ಇರಲಿಲ್ಲ. ಅದು ‘ಅಪ್ಪಯ್ಯನ ಕಾರು’, ಅಷ್ಟೆ.

ಆ ತಾಲ್ಲೂಕಿನ ಮಳೆಯನ್ನು ವಾಚಕರು ಬಲ್ಲರು. ಅದಕ್ಕೆ ಸೇರಿದ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವುದು ಸಾಮಾನ್ಯ. ಅಂತಹ ಮಳೆಯ ನಡುರಾತ್ರಿಯಲ್ಲಿ ಯಾರಾದರೂ ಲಾಂದ್ರ ಹಿಡಿದು ಬಾಗಿಲು ತಟ್ಟಿದರೆ ತಂದೆಯವರು ಕಂಬಳಿ ಹೊದ್ದುಕೊಂಡು ಕಾರನ್ನು ಹೊರಡಿಸುವರು. ಹೆರಿಗೆಗೆ, ಹಾವುಕಡಿತಕ್ಕೆ, ಜ್ವರಕ್ಕೆ ಆ ಕಾರು ಹೋಗದ ಹಳ್ಳಿಯಿಲ್ಲ. ಹಿಂದಿರುಗಿ ಬಂದ ಸದ್ದಾದರೆ ನಮ್ಮ ತಾಯಿಯವರು ಒಲೆ ಹೊತ್ತಿಸುವರು. ಕಾರಿನ ಕೊಟ್ಟಿಗೆಯ ನೆಲವು ಅಂಗಳದ ಕಡೆಗೆ ಸ್ವಲ್ಪ ಇಳಿಜಾರು. ಆದುದರಿಂದ ಕೈಬ್ರೇಕನ್ನು ಬಲವಾಗಿ ಎಳೆಯದೆ ಅವರು ಎಂದೂ ಕೆಳಗಿಳಿದವರಲ್ಲ. ೧೯೯೬ರಲ್ಲಿ ಅವರು ತೀರಿಕೊಂಡರು. ಕೊನೆಯ ಸಲ ಅವರು ಎಳೆದ ಕೈಬ್ರೇಕು ಎಳೆದಂತೆಯೇ ಉಳಿಯಿತು. ಇಪ್ಪತ್ತೊಂಬತ್ತು ಮಳೆಗಾಲ ಅದನ್ನು ಯಾರೂ ಇಳಿಸಲಿಲ್ಲ.

ತಾಯಿಯವರೂ ಹೋದ ಮೇಲೆ ಮನೆಯನ್ನು ಮಾರುವುದೆಂದು ನಿಶ್ಚಯವಾಯಿತು. ಬೆಂಗಳೂರಿನಲ್ಲಿರುವ ನಮ್ಮ ಅಣ್ಣನವರು ವ್ಯವಹಾರಸ್ಥರು. ಪಾತ್ರೆಪದಾರ್ಥ, ಮಂಚ, ಕಪಾಟುಗಳನ್ನು ಒಂದು ಮಧ್ಯಾಹ್ನದಲ್ಲಿ ಹಂಚಿ ಮುಗಿಸಿದರು. ಕಾರಿನ ಮಾತು ಬಂದಾಗ, “ಗುಜರಿಯವನು ತೂಕದ ಮೇಲೆ ಕೊಳ್ಳುತ್ತಾನಂತೆ, ತುಂಡುಮಾಡಿ ಒಯ್ಯುತ್ತಾನೆ,” ಎಂದರು. ನಾವು ಅದನ್ನು ಶಿವಮೊಗ್ಗೆಗೆ ಒಯ್ಯುತ್ತೇವೆಂದೆವು. ಅಣ್ಣನವರು ನಕ್ಕು, “ಗಾಲಿ ಉರುಳಿದರೆ ನಿನ್ನದು, ಉರುಳದಿದ್ದರೆ ಗುಜರಿಯವನದು. ತಿಂಗಳ ಕೊನೆಗೆ ಮನೆ ಬಿಟ್ಟುಕೊಡಬೇಕು,” ಎಂದರು. ಮನೆಯ ಪಕ್ಕದ ಓಣಿ ಇಕ್ಕಟ್ಟಾದುದು; ಲಾರಿ ಕೊಟ್ಟಿಗೆಯ ವರೆಗೆ ಬರುವಂತಿಲ್ಲ. ಓಣಿಯ ತುದಿಯ ತನಕ ಸುಮಾರು ನೂರು ಅಡಿ ಕಾರನ್ನು ಕೈಯಿಂದಲೇ ತಳ್ಳಬೇಕು. ನಾಲ್ಕು ಗಾಲಿಯೂ ನೆಲಕ್ಕೆ ಬೇರುಬಿಟ್ಟಂತೆ ನಿಂತಿದ್ದುವು.

ಗಾಲಿ ಹಿಡಿದುಕೊಂಡುದೇಕೆಂಬುದನ್ನು ತಿಳಿಯಬೇಕಾದರೆ ಒಳಗಿನ ರಚನೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ಬ್ರೇಕ್ ಡ್ರಮ್ ಎಂಬುದು ಬೀಡುಕಬ್ಬಿಣದ ಒಂದು ಬಾಣಲೆ. ನಮ್ಮ ಕಾರಿನಲ್ಲಿ ಅದರ ಒಳ ಅಳತೆ ೭ ಅಂಗುಲ. ಬಾಣಲೆಯ ಬಾಯಿ ಕಾರಿನ ಕಡೆಗೆ, ಬೆನ್ನು ಹೊರಗಡೆಗೆ. ಗಾಲಿಯೊಡನೆ ಅದೂ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ‘ಶೂ’ಗಳು ತಿರುಗದೆ ನಿಂತಿರುತ್ತವೆ. ಪೆಡಲನ್ನು ತುಳಿದಾಗ ಕೊಳವೆಯಲ್ಲಿರುವ ಬ್ರೇಕೆಣ್ಣೆಯ ಒತ್ತಡದಿಂದ ಶೂಗಳು ಹೊರಕ್ಕೆ ಸರಿದು ಬಾಣಲೆಯ ಒಳಗೋಡೆಯನ್ನು ಒತ್ತುತ್ತವೆ, ಗಾಲಿ ನಿಲ್ಲುತ್ತದೆ. ಹಿಂದಿನ ಗಾಲಿಗಳಲ್ಲಿ ಕೈಬ್ರೇಕಿನ ತಂತಿಯೂ ಅದೇ ಶೂಗಳನ್ನು ಅಗಲಿಸಿ ಹಿಡಿಯುತ್ತದೆ. ಈ ಬಗೆಯ ಬ್ರೇಕನ್ನು ೧೯೦೨ರಲ್ಲಿ ಫ್ರಾನ್ಸಿನ ಲೂಯಿ ರೆನೋ ಬಳಕೆಗೆ ತಂದರೆಂದು ಹೇಳುವುದುಂಟು. ಎಣ್ಣೆಯ ಒತ್ತಡದಿಂದ ನಾಲ್ಕು ಗಾಲಿಯನ್ನೂ ಹಿಡಿಯುವ ಏರ್ಪಾಡು ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ೧೯೨೧ರಲ್ಲಿ ಬಂದಿತು.

ಮುಂದಿನ ಎರಡು ಗಾಲಿ ನಮಗೆ ಬೇಗನೆ ವಶವಾದುವು. ಅವಕ್ಕೆ ಕೈಬ್ರೇಕಿನ ಬಂಧನವಿಲ್ಲ. ನೆರೆಮನೆಯ ಡ್ರೈವರನ ನೆರವಿನಿಂದ ಜಾಕು ಕೊಟ್ಟು ಗಾಲಿ ತೆಗೆದು ನೋಡಿದಾಗ ಡ್ರಮ್ಮುಗಳು ಅಷ್ಟಿಷ್ಟು ಅಲುಗಾಡುತ್ತಿದ್ದುವು. ಡ್ರಮ್ಮಿನ ಬೆನ್ನಿನಲ್ಲಿ ಒಂದು ರಂಧ್ರವುಂಟು. ಅದರ ಮೂಲಕ ತಿರುಪುಳಿಯನ್ನು ಹಾಕಿ, ಶೂಗಳನ್ನು ಹತ್ತಿರ ದೂರ ಮಾಡುವ ತಿರುಪನ್ನು ಎಡಕ್ಕೆ ತಿರುಗಿಸಿದರೆ ಶೂಗಳು ಹಿಂದೆ ಸರಿಯುತ್ತವೆ. ಹಾಗೆ ಮಾಡಿ ಎರಡು ದಿನದಲ್ಲಿ ಎರಡನ್ನೂ ಬಿಡಿಸಿದೆವು. ಇದರಿಂದ ನಮಗೆ ಬಂದ ಹೆಮ್ಮೆಯೇ ಮುಂದಿನ ಅನರ್ಥಕ್ಕೆ ಮೂಲವಾಯಿತು.

ಹಿಂದಿನ ಎಡಗಾಲಿಗೆ ಕೈಯಿಟ್ಟೆವು. ಗಾಲಿಯೇನೋ ಕಳಚಿತು. ಡ್ರಮ್ಮನ್ನು ಹಿಡಿದಿದ್ದ ಒಂದು ತಿರುಪು ಮೊಳೆಯನ್ನು ಸೊಂಟನೋವು ಬರುವಷ್ಟು ಹೆಣಗಿ ತೆಗೆದೆವು. ಡ್ರಮ್ಮು ಕದಲಲಿಲ್ಲ. ಎಳೆದೆವು, ಬೈದೆವು, ಕೀಲೆಣ್ಣೆ ಹೊಯ್ದೆವು. ಮರುದಿನ ಮಧ್ಯಾಹ್ನ ಸಿಟ್ಟು ನೆತ್ತಿಗೇರಿತು. ಹಿತ್ತಲಲ್ಲಿದ್ದ ಕಲ್ಲೊಡೆಯುವ ಸುತ್ತಿಗೆಯನ್ನು ತಂದು ಡ್ರಮ್ಮಿನ ಅಂಚಿಗೆ ಬಾರಿಸಿದೆವು. ಮೂರನೆಯ ಪೆಟ್ಟಿಗೆ ‘ಟಿಣ್’ ಎಂದು ಬಟ್ಟಲು ಬಿದ್ದಂತೆ ಸದ್ದಾಯಿತು. ಅಂಚಿನ ಒಂದು ಚೂರು, ಎರಡು ಬೆರಳಗಲ, ಹಾರಿ ಗೋಡೆಗೆ ಬಡಿದು ಬಿದ್ದಿತು. ಅದು ಕಣ್ಣಿಗೆ ಬೀಳದಿದ್ದುದು ಹಿರಿಯರ ಪುಣ್ಯ. ಬೀಡುಕಬ್ಬಿಣವು ಬಗ್ಗುವ ಜಾತಿಯಲ್ಲ. ತಡೆಯುವಷ್ಟು ತಡೆದು ಒಡೆದುಹೋಗುತ್ತದೆ. ಒಡೆದ ಬ್ರೇಕ್ ಡ್ರಮ್ಮನ್ನು ಬೆಸೆದು ಬಳಸುವಂತಿಲ್ಲ, ಜೀವದ ಪ್ರಶ್ನೆ. ಚೂರನ್ನು ಕೈಯಲ್ಲಿ ಹಿಡಿದು ಕೊಟ್ಟಿಗೆಯ ಹೊಸ್ತಿಲಲ್ಲಿ ಕುಳಿತೆವು. ಸಂಜೆಯ ವರೆಗೆ ಒಳಗೆ ಹೋಗಲು ಮನಸ್ಸಾಗಲಿಲ್ಲ.

ನೆರೆಮನೆಯ ಡ್ರೈವರನು ಯಾರಿಗೋ ಫೋನು ಮಾಡಿದನು. ಮಾರನೆಯ ಬೆಳಗ್ಗೆ ಊರಹೊರಗೆ ಗ್ಯಾರೇಜು ಇಟ್ಟುಕೊಂಡಿರುವ ಒಬ್ಬ ಮೆಕ್ಯಾನಿಕ್ಕು ಬಂದನು. ನಲವತ್ತೇಳು ನಲವತ್ತೆಂಟರ ವಯಸ್ಸು, ದಪ್ಪ ಗಾಜಿನ ಕನ್ನಡಕ, ಎತ್ತರದ ಆಳು. “ನೀವು ಯಾವ ಊರಿನವರು?” ಎಂದು ಕೇಳಿದೆವು. ಆತನು ನಮ್ಮ ಕಾಲು ಮುಟ್ಟಿ, “ನನ್ನನ್ನು ನೀವು ಎನ್ನಬೇಡಿ ಮೇಷ್ಟ್ರೇ. ನಾನು ನಿಮ್ಮ ಶಿಷ್ಯ. ತೊಂಬತ್ತೆರಡನೆಯ ಇಸವಿ, ಎಂಟನೆಯ ತರಗತಿ, ಬಿ ವಿಭಾಗ, ಕೊನೆಯ ಬೆಂಚು,” ಎಂದನು. ನಮಗೆ ಗುರುತು ಸಿಕ್ಕಲಿಲ್ಲ. ಸಿಕ್ಕಿದವರಂತೆ ತಲೆಯಾಡಿಸಿದೆವು, ಮೇಷ್ಟರ ವೃತ್ತಿಯಲ್ಲಿ ಇದೊಂದು ಅಭ್ಯಾಸ.

ಆತನು ಕುಕ್ಕುರುಗಾಲಿನಲ್ಲಿ ಕುಳಿತು ಡ್ರಮ್ಮನ್ನು ಬಹಳ ಹೊತ್ತು ನೋಡಿದನು. ಒಡೆದ ಅಂಚಿನ ಮೇಲೆ ಬೆರಳಾಡಿಸಿದನು, ಏನೂ ಅನ್ನಲಿಲ್ಲ. ಆಮೇಲೆ ಜೇಬಿನಿಂದ ಚಾಕು ತೆಗೆದು ಡ್ರಮ್ಮಿನ ಬೆನ್ನಿನ ತುಕ್ಕನ್ನು ಒಂದೆಡೆ ಮೆಲ್ಲನೆ ಕೆರೆದನು. ತುಕ್ಕು, ಹಳೆಯ ಬಣ್ಣ, ಕೆಸರು, ಮೂರು ಪದರ ಹೋದ ಮೇಲೆ ಒಂದು ದುಂಡು ಗೆರೆ ಕಾಣಿಸಿತು. ಅದರ ನಡುವೆ ಒಂದು ಸೀಳು. ಎರಡನೆಯ ತಿರುಪು ಮೊಳೆ! ಡ್ರಮ್ಮನ್ನು ಹಿಡಿಯುವ ಮೊಳೆ ಎರಡು. ನಾವು ತೆಗೆದಿದ್ದುದು ಒಂದನ್ನು. ಇನ್ನೊಂದು ತುಕ್ಕಿನೊಳಗೆ ಮುಚ್ಚಿಹೋಗಿ ತನ್ನ ಕೆಲಸವನ್ನು ತಾನು ಮಾಡುತ್ತಿದ್ದಿತು.

“ನೋಡಿ ಮೇಷ್ಟ್ರೇ,” ಎಂದನು ಆತ, “ಇದು ಬರುವುದಿಲ್ಲವೆಂದು ಹಟ ಮಾಡುತ್ತಿರಲಿಲ್ಲ. ಇದಕ್ಕೆ ಬರಲಾಗುತ್ತಿರಲಿಲ್ಲ.”

ಈ ಮಾತನ್ನು ಆತನು ಕಬ್ಬಿಣವನ್ನು ಕುರಿತೇ ಹೇಳಿದನು.

ಅಂದಿನಿಂದ ಆತನು ದಿನವೂ ಗ್ಯಾರೇಜಿನ ಕೆಲಸ ಮುಗಿಸಿ ಸಂಜೆ ಬರುತ್ತಿದ್ದನು. ಮಾಡುವುದನ್ನು ಮಾಡಿ, ಮರುದಿನಕ್ಕೆ ನಮಗೆ ಪಾಠ ಕೊಟ್ಟು ಹೋಗುವನು. ಆತನ ಕ್ರಮವನ್ನು ಕೆಲವು ದಿನ ನೋಡಿದ ಮೇಲೆ ಅದು ನಮಗೆ ಚೆನ್ನಾಗಿ ಪರಿಚಿತವಾದ ಕ್ರಮವೇ ಎಂದು ಹೊಳೆಯಿತು. ರಾಜನೀತಿಯಲ್ಲಿ ಹೇಳಿರುವ ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳು ಗ್ಯಾರೇಜಿನಲ್ಲಿಯೂ ಅದೇ ಅನುಕ್ರಮದಲ್ಲಿ ನಡೆಯುತ್ತವೆ. ನಾವು ಶಾಸ್ತ್ರವನ್ನು ಓದಿದ್ದವರು, ನಾಲ್ಕನೆಯದರಿಂದ ಮೊದಲುಮಾಡಿದೆವು.

ಸಾಮವೆಂದರೆ ಹಿಡಿದಿರುವುದು ಯಾವುದು ಎಂದು ವಿಚಾರಿಸಿ, ಅದನ್ನು ಸಡಿಲಿಸುವುದು. ಕಾರು ಜಾಕಿನ ಮೇಲೆಯೇ ನಿಂತಿರುವಾಗ ಕೆಲಸ ಮಾಡಕೂಡದೆಂದು ಆತನು ಮೊದಲು ಕಬ್ಬಿಣದ ಗಟ್ಟಿ ಮುಕ್ಕಾಲಿಗಳನ್ನು ತಂದು ಆನಿಸಿದನು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟನು. ಆಮೇಲೆ ಕಾರಿನೊಳಗೆ ಕುಳಿತು ಕೈಬ್ರೇಕಿನ ಗುಂಡಿಗೆ ಎಣ್ಣೆ ಬಿಟ್ಟು ನಮ್ಮನ್ನು ಕರೆದನು. “ಇದನ್ನು ನೀವೇ ಇಳಿಸಿ,” ಎಂದನು. ನಾವು ಒತ್ತಿದೆವು. ನಮ್ಮ ತಂದೆಯವರು ಎಳೆದಿದ್ದ ಹಿಡಿಯು ಕಟಕಟನೆ ಕೆಳಗಿಳಿಯಿತು. ಆದರೆ ಹಿಡಿ ಇಳಿದರೂ ಗಾಲಿ ಬಿಡಲಿಲ್ಲ. ತಂತಿಯು ತನ್ನ ಕವಚದೊಳಗೆ ತುಕ್ಕು ಹಿಡಿದು ಎಳೆದಂತೆಯೇ ಇದ್ದಿತು. ಆತನು ಕಾರಿನ ಕೆಳಗೆ ಮಲಗಿ, ಗಾಲಿಯ ಹಿಂದಿನ ತಟ್ಟೆಯ ಬಳಿ ತಂತಿಯನ್ನು ಸೇರಿಸಿದ್ದ ಕೀಲನ್ನು ಕಳಚಿದನು. ಬ್ರೇಕೆಣ್ಣೆಯ ಗಾಳಿ ಬಿಡುವ ಸಣ್ಣ ಮೂತಿಯನ್ನೂ ಸಡಿಲಿಸಿದನು, ಒಳಗೇನಾದರೂ ಒತ್ತಡ ಸಿಕ್ಕಿಕೊಂಡಿದ್ದರೆ ಹೊರಟುಹೋಗಲೆಂದು. ಇನ್ನು ಉಳಿದುದು ಶೂಗಳ ತಿರುಪು. ಇಲ್ಲಿ ಒಂದು ವಿಚಿತ್ರವಾದ ತೊಡಕು. ರಂಧ್ರವಿರುವುದು ತಿರುಗುವ ಡ್ರಮ್ಮಿನಲ್ಲಿ, ತಿರುಪಿರುವುದು ತಿರುಗದ ತಟ್ಟೆಯಲ್ಲಿ. ಎರಡೂ ಎದುರುಬದುರಾದರೆ ಮಾತ್ರ ತಿರುಪುಳಿ ಒಳಗೆ ಹೋಗುವುದು. ತಿರುಪು ಸಡಿಲವಾಗದೆ ಡ್ರಮ್ಮು ತಿರುಗದು. ಡ್ರಮ್ಮು ತಿರುಗದೆ ತಿರುಪು ಸಿಕ್ಕದು. ತರ್ಕದವರು ಅನ್ಯೋನ್ಯಾಶ್ರಯವೆಂದು ಹೇಳುವ ದೋಷ ಇದೇ.

ದಾನವೆಂದರೆ ಎಣ್ಣೆ. ತುಕ್ಕಿನೊಳಗೆ ಇಳಿಯುವ ತೆಳುವಾದ ಎಣ್ಣೆಯನ್ನು ಡ್ರಮ್ಮಿನ ನಡುವೆ ಗುಂಬಕ್ಕೆ ಕೂಡುವ ಸಂಧಿಯಲ್ಲಿ, ಮೊಳೆಗಳ ಬುಡದಲ್ಲಿ, ಬೆಳಗ್ಗೆ ನಾಲ್ಕು ಹನಿ, ಸಂಜೆ ನಾಲ್ಕು ಹನಿ. ಕೊಡಗಟ್ಟಲೆ ಹೊಯ್ಯಕೂಡದು. “ಔಷಧಿಯ ಹಾಗೆ, ಮೇಷ್ಟ್ರೇ. ದೊಡ್ಡ ಡಾಕ್ಟರ ಮಗ ನೀವು, ನಿಮಗೆ ಹೇಳಬೇಕೆ?” ಎಣ್ಣೆ ಲೈನಿಂಗಿಗೆ ಇಳಿದರೆ ಆ ಲೈನಿಂಗು ಕೆಟ್ಟಂತೆಯೇ, ಬ್ರೇಕಿನ ರಬ್ಬರಿಗೆ ತಗಲಿದರೆ ರಬ್ಬರು ಉಬ್ಬಿ ಹಾಳಾಗುವುದು. ಇಲ್ಲಿ ಅವೆರಡನ್ನೂ ಹೇಗಿದ್ದರೂ ಹೊಸದು ಮಾಡಬೇಕಾಗಿದ್ದುದರಿಂದ ಚಿಂತೆಯಿರಲಿಲ್ಲ. ನಾಲ್ಕು ದಿನ ಎಣ್ಣೆ ಬಿಟ್ಟು ಕಾಯುವುದೇ ಕೆಲಸವಾಯಿತು.

ಹೀಗೆ ಕಾಯುತ್ತಿದ್ದ ಒಂದು ಸಂಜೆ ಆತನು ಕನ್ನಡಕವನ್ನು ತೆಗೆದು ಅಂಗಿಯ ಅಂಚಿನಿಂದ ಒರಸುತ್ತಿದ್ದನು. ಗಾಜು ಬಹಳ ದಪ್ಪವಾಗಿದ್ದಿತು. ಯಾವಾಗಿನಿಂದ ಹಾಕಿಕೊಂಡಿರುವೆಯೆಂದು ಸುಮ್ಮನೆ ಮಾತಿಗೆ ಕೇಳಿದೆವು.

“ಹದಿನೇಳನೆಯ ವಯಸ್ಸಿನಿಂದ. ಗ್ಯಾರೇಜಿನಲ್ಲಿ ನನಗೆ ಕೆಲಸ ಕಲಿಸಿದ ಸಾಬರು ಒಂದು ದಿನ, ಏನೋ ಹುಡುಗ, ಪಾನಾ ಕೇಳಿದರೆ ಮುಟ್ಟಿ ಮುಟ್ಟಿ ಹುಡುಕುತ್ತೀಯೆ, ಕಣ್ಣು ತೋರಿಸಿದ್ದೀಯೇನೋ ಎಂದರು. ಶಿವಮೊಗ್ಗೆಗೆ ಅವರೇ ಕರೆದುಕೊಂಡು ಹೋದರು. ಕನ್ನಡಕ ಹಾಕಿಕೊಂಡು ಹೊರಗೆ ಬಂದರೆ ಮರದಲ್ಲಿ ಎಲೆ ಬೇರೆ ಬೇರೆಯಾಗಿ ಕಂಡುವು. ಅಲ್ಲಿಯ ತನಕ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ತಿಳಿದಿದ್ದೆ.”

“ಹಾಗಾದರೆ ಶಾಲೆಯಲ್ಲಿ?”

“ಬೋರ್ಡು ಬೆಳ್ಳಗೆ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದೆ.”

ಆಗ ನಮಗೆ ಗುರುತು ಸಿಕ್ಕಿತು. ಎತ್ತರದ ಹುಡುಗನೆಂದು ನಾವೇ ಕೊನೆಯ ಬೆಂಚಿನಲ್ಲಿ ಕೂರಿಸಿದ್ದೆವು. ಕರಿಹಲಗೆಯ ಮೇಲೆ ಹತ್ತು ಪದಗಳನ್ನು ಬರೆದು ಸಂಧಿ ಬಿಡಿಸಿರೆಂದು ಹೇಳಿದ ದಿನ, ಆತನು ಪಕ್ಕದವನ ಪುಸ್ತಕದ ಮೇಲೆ ಬಾಗಿದ್ದನು. ಕದ್ದು ಬರೆಯುತ್ತಾನೆಂದು ಎದ್ದುನಿಲ್ಲಿಸಿ ಕೇಳಿದೆವು, ಬಾಯಿ ಬಿಡಲಿಲ್ಲ. ಹಟಮಾರಿಯೆಂದೆವು. ಬೆತ್ತ ತರಿಸಿದೆವು. ಎಡಗೈಗೆ ಐದು, ಬಲಗೈಗೆ ಐದು. ಆಗಲೂ ಆತನು ಬಾಯಿ ಬಿಡಲಿಲ್ಲ. ಆದುದರಿಂದ ಇನ್ನೂ ಎರಡು. ಆ ವರ್ಷ ದಸರೆಯ ರಜೆ ಕಳೆದ ಮೇಲೆ ಆ ಹುಡುಗನು ಶಾಲೆಗೆ ಬರಲಿಲ್ಲ. ಏಕೆಂದು ನಾವು ವಿಚಾರಿಸಲಿಲ್ಲ. ಹಾಜರಿಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪುಶಾಯಿಯ ಗೆರೆ ಎಳೆದೆವು.

೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದರು. ಆಗ ಉಪಾಧ್ಯಾಯರ ಕೊಠಡಿಯಲ್ಲಿ ಗೊಣಗಿದವರ ಗುಂಪಿನಲ್ಲಿ ನಾವೂ ಇದ್ದೆವು. ಬೆತ್ತವಿಲ್ಲದೆ ವಿದ್ಯೆ ಬಾರದೆಂದು ಹೇಳಿದ ನೆನಪೂ ಇದೆ. ಆ ಸಂಜೆ ಕೊಟ್ಟಿಗೆಯಲ್ಲಿ ಕುಳಿತು ಆ ಮಾತನ್ನೆಲ್ಲ ನೆನೆದುಕೊಂಡೆವು. ಆತನಿಗೆ ಬರೆಯುವುದಿಲ್ಲವೆಂಬ ಹಟವಿರಲಿಲ್ಲ, ಆತನಿಗೆ ಕಾಣುತ್ತಿರಲಿಲ್ಲ. ಇನ್ನೊಂದು ಮೊಳೆ ಒಳಗಿದ್ದಿತು. ನಾವು ಅಂಚಿಗೆ ಹೊಡೆದೆವು.

ನಾಲ್ಕನೆಯ ದಿನ ಕಳೆದ ಮೇಲೆ ಭೇದೋಪಾಯವನ್ನು ಆರಂಭಿಸಿದನು. ಮುಚ್ಚಿಹೋಗಿದ್ದ ಮೊಳೆಗೆ ಒಂದು ವಿಶೇಷವಾದ ತಿರುಪುಳಿಯನ್ನು ತಂದಿದ್ದನು. ಅದರ ತಲೆಗೆ ಸುತ್ತಿಗೆಯಿಂದ ಹೊಡೆದರೆ ಹೊಡೆತದ ಬಲವೇ ತಿರುಗುವ ಬಲವಾಗಿ ಮೊಳೆಯನ್ನು ಸಡಿಲಿಸುತ್ತದೆ. ಎರಡು ಪೆಟ್ಟಿಗೆ ಮೊಳೆ ಬಿಟ್ಟಿತು. ಸುತ್ತಿಗೆಯನ್ನು ಸರ್ವಥಾ ಮುಟ್ಟಬಾರದೆಂದಲ್ಲ. ಎಲ್ಲಿ, ಎಷ್ಟು, ಯಾವುದರ ಮೇಲೆ ಎಂಬುದು ಮುಖ್ಯ. ಡ್ರಮ್ಮಿನ ಬೆನ್ನಿಗೆ ಒಂದು ಮರದ ತುಂಡನ್ನು ಆನಿಸಿ, ಮೊಳೆಗಳ ನಡುನಡುವೆ, ಸುತ್ತಲೂ ಸಮನಾಗಿ ತಟ್ಟಿದನು. ಹಾಗೆ ತಟ್ಟಿದರೆ ಡ್ರಮ್ಮಿಗೂ ಗುಂಬಕ್ಕೂ ನಡುವಿನ ತುಕ್ಕು ನಡುಗಿ ಪುಡಿಯಾಗುತ್ತದೆ. ಅಂಚಿಗೆ ಒಂದೇ ಕಡೆ ಹೊಡೆದರೆ ಡ್ರಮ್ಮು ಓರೆಯಾಗಿ ಶೂಗಳ ಮೇಲೆ ಇನ್ನಷ್ಟು ಬಿಗಿಯುತ್ತದೆ.

ಅನ್ಯೋನ್ಯಾಶ್ರಯದ ತೊಡಕಿಗೆ ಆತನು ಕಂಡ ಪರಿಹಾರವು ನಮಗೆ ಬಹಳ ಹಿಡಿಸಿತು. ಬಿಚ್ಚಿದ್ದ ಗಾಲಿಯನ್ನೇ ತಂದು ಬಲಗಡೆಯ ಡ್ರಮ್ಮಿಗೆ ಮತ್ತೆ ಜೋಡಿಸಿದನು. ಗಾಲಿ ದೊಡ್ಡದಾದುದರಿಂದ ಅದರ ಅಂಚನ್ನು ಹಿಡಿದು ತಿರುಗಿಸಿದರೆ ಸಣ್ಣ ಬಲವೂ ಹೆಚ್ಚಾಗುತ್ತದೆ. ಗೇರನ್ನು ತಪ್ಪಿಸಿ, ಆತನೊಂದು ಕಡೆ ನಾವೊಂದು ಕಡೆ ಹಿಡಿದು, ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ, ತೊಟ್ಟಿಲು ತೂಗುವಂತೆ ತೂಗಿದೆವು. ಕಾಲು ಗಂಟೆಯಾಗಿರಬೇಕು. ಒಳಗೆ ಒಣಕಡ್ಡಿ ಮುರಿದಂತೆ ಒಂದು ಸದ್ದಾಯಿತು. ಇಪ್ಪತ್ತೊಂಬತ್ತು ವರ್ಷ ಡ್ರಮ್ಮಿನ ಗೋಡೆಯನ್ನು ಹಿಡಿದಿದ್ದ ಲೈನಿಂಗಿನ ತುಕ್ಕು ಬಿಟ್ಟಿತು. ಗಾಲಿ ನಮ್ಮ ಕೈಯಲ್ಲಿ ಅಂಗುಲದಷ್ಟು ಸರಿಯಿತು. ನಾವು ಕೂಗಿದ ಕೂಗಿಗೆ ನೆರೆಯವರು ಏನಾಯಿತೆಂದು ಓಡಿಬಂದರು.

ಇನ್ನೇನು, ಗಾಲಿಯನ್ನು ತೆಗೆದು ರಂಧ್ರವನ್ನು ತಿರುಪಿನ ಎದುರಿಗೆ ತಂದು ಶೂಗಳನ್ನು ಹಿಂದೆ ಸರಿಸಿದನು. ಇದನ್ನು ಮರೆತು ಎಳೆದರೆ ಡ್ರಮ್ಮು ಅರ್ಧಕ್ಕೆ ಬಂದು ನಿಲ್ಲುವುದಂತೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಶೂಗಳು ಡ್ರಮ್ಮಿನ ಗೋಡೆಯನ್ನು ಸವೆಸಿರುತ್ತವೆ. ಸವೆಯದ ಬಾಯಂಚು ಒಂದು ಸಣ್ಣ ಕಟ್ಟೆಯಾಗಿ ಉಳಿದು ಶೂಗಳಿಗೆ ತಡೆಯುತ್ತದೆ. ಬಲಗಡೆಯ ಡ್ರಮ್ಮು ಎರಡು ಕೈಯಲ್ಲಿ ಹಿಡಿದು ಅಲುಗಿಸಿದಾಗ ಮಡಕೆಯ ಮುಚ್ಚಳದಂತೆ ಕಳಚಿ ಬಂದಿತು. ಆ ಕಟ್ಟೆ ಉಗುರಿಗೆ ಸ್ಪಷ್ಟವಾಗಿ ತಾಕುತ್ತಿದ್ದಿತು. ಒಳಗಿನ ಧೂಳನ್ನು ಊದಿ ತೆಗೆಯಲು ನಾವು ಬಗ್ಗಿದೆವು. ಆತನು ನಮ್ಮ ಭುಜ ಹಿಡಿದು ಹಿಂದಕ್ಕೆಳೆದನು. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುವುದು ಸಾಮಾನ್ಯ; ಅದರ ಧೂಳು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಮಾರಕ. ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಚಿಂದಿಯಿಂದ ಒರಸಿ, ಆ ಚಿಂದಿಯನ್ನು ಚೀಲದಲ್ಲಿ ಕಟ್ಟಿ ಬೇರೆಯಿಟ್ಟನು.

ಎಡಗಡೆಯದಕ್ಕೆ ಮಾತ್ರ ದಂಡವೇ ಬೇಕಾಯಿತು. ನಾವು ಹೊಡೆದಿದ್ದ ಪೆಟ್ಟಿಗೆ ಅದು ಓರೆಯಾಗಿ ಗುಂಬಕ್ಕೆ ಕಚ್ಚಿಕೊಂಡಿದ್ದಿತು. ಮೂರು ಕಾಲಿನ ಪುಲ್ಲರನ್ನು ಹಾಕಿ, ನಡುವಿನ ತಿರುಪನ್ನು ಕಾಲು ಸುತ್ತು ಬಿಗಿಯುವುದು, ಸುತ್ತಲೂ ತಟ್ಟುವುದು, ಕಾಯುವುದು, ಮತ್ತೆ ಕಾಲು ಸುತ್ತು. ಹೀಗೆ ಎರಡು ಸಂಜೆ. ಕೊನೆಗೆ ಅದೂ ಬಂದಿತು. ಮೊದಲು ದಂಡವನ್ನು ಪ್ರಯೋಗಿಸಿದ ಕಡೆ ಕೊನೆಯ ವರೆಗೂ ದಂಡವೇ ಬೇಕಾಗುವುದೆಂದು ತೋರುತ್ತದೆ.

ಆ ರಾತ್ರಿ ಆತನು ಕೈ ತೊಳೆಯುತ್ತಿದ್ದಾಗ ನಾವು ಹತ್ತಿರ ಹೋಗಿ ನಿಂತೆವು. ಅರುವತ್ತು ವರ್ಷದಲ್ಲಿ ಶಿಷ್ಯನ ಮುಂದೆ ಹೇಳಿ ಅಭ್ಯಾಸವಿಲ್ಲದ ಮಾತು, ಗಂಟಲಿನಲ್ಲಿ ಸಿಕ್ಕಿಕೊಂಡಿತು. “ಆ ದಿನ ನಾವು ನಿನಗೆ ಹೊಡೆದುದು ತಪ್ಪು,” ಎಂದು ಹೇಗೋ ಹೇಳಿದೆವು.

ಆತನು ಕೈ ಒರಸಿಕೊಳ್ಳುತ್ತ, “ನಾನು ಶಾಲೆ ಬಿಟ್ಟದ್ದು ಅದಕ್ಕಲ್ಲ ಮೇಷ್ಟ್ರೇ, ಮನೆಯಲ್ಲಿ ಕಷ್ಟವಿತ್ತು,” ಎಂದನು. ಅದು ನಿಜವೋ, ನಮ್ಮ ಮುಖ ನೋಡಿ ಹೇಳಿದುದೋ ನಮಗೆ ತಿಳಿಯಲಿಲ್ಲ. ಕೇಳುವ ಅಧಿಕಾರವೂ ಇರಲಿಲ್ಲ. ಆಮೇಲೆ ಜೇಬಿನಿಂದ ಡ್ರಮ್ಮಿನ ನಾಲ್ಕು ತಿರುಪು ಮೊಳೆಗಳನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟು, “ಇವನ್ನು ಜೋಪಾನವಾಗಿಡಿ, ಕಳೆದರೆ ಇಲ್ಲಿ ಸಿಕ್ಕುವುದಿಲ್ಲ,” ಎಂದು ಹೇಳಿ ಸ್ಕೂಟರನ್ನು ಹೊರಡಿಸಿದನು.

ಹದಿನೇಳನೆಯ ದಿನ ಅಣ್ಣನವರು ಬಂದರು. ಒಡೆದ ಡ್ರಮ್ಮನ್ನೇ ತಳ್ಳುವ ಮಟ್ಟಿಗೆಂದು ಜೋಡಿಸಿ, ಆತನು ಎಲ್ಲಿಂದಲೋ ತಂದಿದ್ದ ನಾಲ್ಕು ಹಳೆಯ ಟೈರುಗಳನ್ನು ಏರಿಸಿದ್ದೆವು. ಬ್ರೇಕಿಲ್ಲದ ಕಾರಾದುದರಿಂದ ಹಿಂದೆ ಹಗ್ಗ ಕಟ್ಟಿ ಇಬ್ಬರು ಹಿಡಿದರು. ಒಬ್ಬನು ಅಡ್ಡಗಲ್ಲು ಹಿಡಿದು ಪಕ್ಕದಲ್ಲಿ ನಡೆದನು. ಶಿಷ್ಯನು ಚಕ್ರ ಹಿಡಿದು ಒಳಗೆ ಕುಳಿತನು. ಕಾರು ಕೊಟ್ಟಿಗೆಯ ಇಳಿಜಾರನ್ನು ದಾಟಿ ಅಂಗಳಕ್ಕೆ ಬಂದು ಬಿಸಿಲಿನಲ್ಲಿ ನಿಂತಿತು. ಅಣ್ಣನವರು ಏನೂ ಮಾತಾಡದೆ ಕೋಟನ್ನು ಕಳಚಿ ತುಳಸೀಕಟ್ಟೆಯ ಮೇಲಿಟ್ಟು ಬಂದು ಹಿಂದಿನಿಂದ ಭುಜ ಕೊಟ್ಟರು. ಹುಡುಗರಾಗಿದ್ದಾಗ ಮಳೆಯಲ್ಲಿ ಹೊರಡದ ಆ ಕಾರನ್ನು ನಾವಿಬ್ಬರೂ ಹೀಗೆಯೇ ತಳ್ಳುತ್ತಿದ್ದೆವು. ಓಣಿಯ ತುದಿಯಲ್ಲಿ ಲಾರಿ ಕಾದಿದ್ದಿತು.

ಈಗ ಕಾರು ಶಿವಮೊಗ್ಗೆಯಲ್ಲಿ ನಮ್ಮ ಮನೆಯ ಮುಂದಿದೆ. ಆ ಜಾತಿಯ ಕಾರಿಗೆ ಬೇಕಾದ ಭಾಗಗಳನ್ನು ಇಂಗ್ಲೆಂಡಿನಲ್ಲಿ ಇಂದಿಗೂ ತಯಾರಿಸಿ ಮಾರುತ್ತಾರೆ. ಹೊಸ ಡ್ರಮ್ಮು, ಲೈನಿಂಗು, ರಬ್ಬರು ಬಂದುವು. ಶಿಷ್ಯನು ತಿಂಗಳಿಗೊಮ್ಮೆ ತೀರ್ಥಹಳ್ಳಿಯಿಂದ ಬಂದು ಒಂದೊಂದು ಕೆಲಸ ಮಾಡಿ ಹೋಗುತ್ತಾನೆ. ಕೂಲಿಯನ್ನು ನಾವು ಕೊಟ್ಟೇ ಕೊಡುತ್ತೇವೆ. ಆತನು ಎಣಿಸದೆ ಜೇಬಿಗೆ ಹಾಕಿಕೊಳ್ಳುತ್ತಾನೆ.

ಗೃಹಸ್ಥರಾದ ವಾಚಕರಿಗೆ ಹೇಳತಕ್ಕುದಿಷ್ಟು. ಕಾರನ್ನು ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸಬೇಕಾದರೆ ಸಮನೆಲದಲ್ಲಿ ಗಾಲಿಗೆ ಕಲ್ಲು ಕೊಟ್ಟು, ಗೇರಿನಲ್ಲಿಟ್ಟು, ಕೈಬ್ರೇಕನ್ನು ಇಳಿಸಿಬಿಡಿ. ಮರಳಿ ಬಂದಾಗ ಗಾಲಿ ಹಿಡಿದಿದ್ದರೆ ಮೊದಲು ಕೈಬ್ರೇಕು ನಿಜವಾಗಿ ಬಿಟ್ಟಿದೆಯೇ ನೋಡಿ, ಮೆಲ್ಲನೆ ಹಿಂದೆ ಮುಂದೆ ಮಾಡಿ. ಅಷ್ಟಕ್ಕೆ ಬಿಡದಿದ್ದರೆ ತಿಳಿದವರನ್ನು ಕರೆಯಿರಿ. ಸುತ್ತಿಗೆಯನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮೊದಲು ಎಲ್ಲ ಮೊಳೆಗಳನ್ನೂ ಎಣಿಸಿ.

ಒಡೆದ ಚೂರು ನಮ್ಮ ಬರೆಯುವ ಮೇಜಿನ ಮೇಲಿದೆ. ನೆರೆಯ ಇಬ್ಬರು ಹುಡುಗರು ಸಂಜೆ ಪಾಠಕ್ಕೆ ಬರುತ್ತಾರೆ. ಅವರಲ್ಲೊಬ್ಬನು ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ತಲೆ ತಗ್ಗಿಸಿ ನಿಲ್ಲುವ ಸ್ವಭಾವದವನು. ಮೊನ್ನೆ ಹಾಗೆ ನಿಂತಾಗ ನಮಗೆ ಹಳೆಯ ಸಿಟ್ಟು ಬಂದಿತು, ಬರಲಿಲ್ಲವೆಂದರೆ ಸುಳ್ಳಾದೀತು. ಮೇಜಿನ ಕಡೆ ಒಮ್ಮೆ ನೋಡಿ, ಪುಸ್ತಕವನ್ನು ಅವನ ಹತ್ತಿರಕ್ಕೆ ಸರಿಸಿ, “ಕಾಣುತ್ತದೆಯೇನಪ್ಪ?” ಎಂದು ಕೇಳಿದೆವು.